ದೇವರ ಮನೆಯ ರೂಟರ್

ತಾಳವಾಡಿ ಬೆಟ್ಟದ ಗುರುಮಲ್ಲಪ್ಪನವರ ಫೋನು ಎರಡು ಸಲ ಸಿಡಿಲಿಗೆ ಸುಟ್ಟುಹೋಗಿತ್ತು. ಶಿವನ ಪಕ್ಕದಲ್ಲಿದ್ದರೆ ಸುಡುವುದಿಲ್ಲವೆಂದು ಅವರು ತಂತಿಯನ್ನು ದೇವರ ಮನೆಗೇ ಎಳೆಸಿದರು. 2009ರಲ್ಲಿ ಇಂಟರ್ನೆಟ್ ಬಂದಾಗ ರೂಟರ್ ಕೂಡ ಅಲ್ಲೇ, ವಿಭೂತಿ ಗಟ್ಟಿಯ ಪಕ್ಕದಲ್ಲಿ ಕೂತಿತು.

ಅವರ ಸೊಸೆ ದಿವ್ಯ ಆರು ವರ್ಷದಿಂದ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುತ್ತಲೇ ಇದ್ದಳು. ಈ ಸಲ ತಪ್ಪಿದರೆ ವಯಸ್ಸು ಮೀರುತ್ತಿತ್ತು. ಅರ್ಜಿಗೆ ಅಂದು ಸಂಜೆ ಐದು ಗಂಟೆಯೇ ಕೊನೆ. ಬೆಳಿಗ್ಗೆ ನೋಡಿದರೆ, ಹಿಂದಿನ ಕೋಣೆಯ ಕಂಪ್ಯೂಟರಿಗೆ ಎಳೆದಿದ್ದ ಕೇಬಲ್ಲನ್ನು ಇಲಿ ಕಡಿದುಹಾಕಿತ್ತು. ದಿವ್ಯ ಅಟ್ಟದಿಂದ ಹಳೆಯ ರೂಟರ್ ಇಳಿಸಿ ಕಂಪ್ಯೂಟರಿಗೆ ಜೋಡಿಸಿದಳು. ಅದು ಬ್ರಿಜ್ ಆಗಿ, ತಂತಿಯಿಲ್ಲದೆ, ದೇವರ ಮನೆಯ ರೂಟರಿನಿಂದ ಇಂಟರ್ನೆಟ್ ಹಿಡಿಯಬೇಕಿತ್ತು. ಹಾಳಾದ್ದು ಹಿಡಿಯಲಿಲ್ಲ. ಸೆಟ್ಟಿಂಗ್ ಬದಲಿಸಿದಾಗಲೆಲ್ಲ ದೇವರ ಮನೆಯದನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಬೇಕು. ಅತ್ತೆ ಶಕುಂತಲಮ್ಮ ಶಾಕ್ ಹೊಡೆದೀತೆಂದು ಆ ಪೆಟ್ಟಿಗೆ ಮುಟ್ಟುತ್ತಿರಲಿಲ್ಲ. ಸ್ನಾನ ಮಾಡದವರನ್ನು ಒಳಗೆ ಬಿಡುತ್ತಲೂ ಇರಲಿಲ್ಲ. ಒಮ್ಮೆ ಈಚೆ ಬಂದರೆ ಮತ್ತೆ ಸ್ನಾನ.

ನಾಲ್ಕು ಸ್ನಾನಕ್ಕೆ ಹಂಡೆ ಬರಿದಾಯಿತು. ನಾಲ್ಕೂವರೆಗೆ ದಿವ್ಯ ಸ್ನಾನವಿಲ್ಲದೆ ಹಾಗೇ ಒಳಗೆ ನುಗ್ಗಿ ಸ್ವಿಚ್ ಒತ್ತಿ ಓಡಿದಳು. ಹಳೆಯ ರೂಟರಿನ ದೀಪ ಹಸಿರಾಯಿತು. ಅರ್ಜಿ ತೆರೆಯಿತು. ಎಲ್ಲ ತುಂಬಿ, ಐದಕ್ಕೆ ಎಂಟು ನಿಮಿಷವಿದ್ದಾಗ ಕಳಿಸುವ ಗುಂಡಿ ಒತ್ತಿದಳು. ಪುಟ ಬಿಳಿಚಿಕೊಂಡಿತು. ದೀಪ ಆರಿತ್ತು.

“ಅತ್ತೆ, ಏನ್ಮಾಡುದ್ರಿ?” ಎಂದು ಕಿರುಚುತ್ತ ಓಡಿ ಬಂದಳು.

ದೇವರ ಮನೆಯ ರೂಟರ್ ಅಂಗಳದ ಇಳಿಬಿಸಿಲಲ್ಲಿ ಬೋರಲು ಬಿದ್ದಿತ್ತು. ತೂತುಗಳಿಂದ ನೀರು ಇಳಿಯುತ್ತಿತ್ತು. ಶಕುಂತಲಮ್ಮ ಸೆರಗು ಸಿಕ್ಕಿಸಿಕೊಂಡು ದೇವರ ಮನೆ ತೊಳೆಯುತ್ತಿದ್ದರು.

“ಮೈಲ್ಗೆ ಆಗೋಯ್ತಲ್ಲವ್ವ, ಅದ್ಕೇ ಅದ್ನೂ ತೊಳ್ದು ಒಣಗಾಕಿವ್ನಿ. ಪಕ್ಕದ್ಮನೆಯಿಂದ ನೀರು ತಂದಿವ್ನಿ, ನಿಂಗೂ ಒಂದ್ ಕೊಡ ಮಡಗಿವ್ನಿ. ಓಗು, ಸ್ನಾನ ಮಾಡು.”