ಕೇಂದ್ರ ಅಂದರೆ ಯಾವ ಕೇಂದ್ರ?

ನನ್ನ ಸೋದರಮಾವನಿಗೆ ಕಚೇರಿಯವರು ಇಟ್ಟ ಹೆಸರು ‘ಸರಿಯಪ್ಪ’. ರೇಡಿಯೋ ದೂರದರ್ಶಕದ ಗಡಿಯಾರ ನೋಡಿಕೊಳ್ಳುವುದು ಅವರ ಕೆಲಸ. ಬೆಳಗ್ಗೆ ಎಂಟಕ್ಕೆ, ಹೊರಗಿನಿಂದ ಬರುವ ಸಮಯದ ಸಂಕೇತಕ್ಕೂ ನಮ್ಮ ಗಡಿಯಾರಕ್ಕೂ ತಾಳೆ ನೋಡಿ ರಿಜಿಸ್ಟರಿನಲ್ಲಿ ‘ಸರಿ’ ಎಂದು ಬರೆಯುತ್ತಾರೆ. ಹತ್ತೊಂಬತ್ತು ವರ್ಷ, ದಿನಕ್ಕೊಂದು ಸರಿ. ಮನೆಯಲ್ಲಿ ಮಾತ್ರ ಅತ್ತೆ ಹೇಳಿದ ಯಾವುದಕ್ಕೂ ಆ ಪದ ಅವರ ಬಾಯಿಂದ ಹೊರಟಿದ್ದನ್ನು ನಾನು ಕೇಳಿಲ್ಲ. ನಾನು ಅದೇ ಕಚೇರಿಯ ಟೈಪಿಸ್ಟ್, ಹಾಗಾಗಿ ಮುಂದಿನದೆಲ್ಲ ಕಣ್ಣಾರೆ ಕಂಡದ್ದು.

ನಮ್ಮ ದೂರದರ್ಶಕ ಕಿವಿಗೊಡುವುದು ಪಲ್ಸಾರ್‌ಗಳಿಗೆ. ಸತ್ತ ನಕ್ಷತ್ರದ ಗಟ್ಟಿ ಉಳಿಕೆ ಅದು. ಬುಗುರಿಯಂತೆ ತಿರುಗುತ್ತ ಸುತ್ತಿಗೊಂದು ರೇಡಿಯೋ ಮಿಡಿತ ಕಳಿಸುತ್ತದೆ. “ನನ್ನ ಹಾಗೇ, ಹೇಳಿದ ಹೊತ್ತಿಗೆ ಹಾಜರು” ಎಂದು ಮಾವನಿಗೆ ಹೆಮ್ಮೆ. ಆದರೆ ಕೇಳುವ ನಾವು ನಿಂತಲ್ಲಿ ನಿಂತವರಲ್ಲ. ಸೂರ್ಯನನ್ನು ಸುತ್ತುವ ಭೂಮಿ ಒಮ್ಮೆ ಪಲ್ಸಾರ್‌ನತ್ತ ಹೋಗುತ್ತದೆ, ಒಮ್ಮೆ ದೂರ ಸರಿಯುತ್ತದೆ. ಮಿಡಿತ ಬೇಗ ಬಂದಂತೆಯೋ ತಡವಾದಂತೆಯೋ ತೋರುತ್ತದೆ. ಅದಕ್ಕೇ ಸೌರಮಂಡಲದ ಕೇಂದ್ರದಲ್ಲಿ ಕೂತು ಕೇಳಿದ್ದರೆ ಅದು ಎಷ್ಟು ಹೊತ್ತಿಗೆ ಕೇಳಿಸುತ್ತಿತ್ತು ಎಂದು ಲೆಕ್ಕ ಹಾಕುತ್ತಾರೆ.

ವರ್ಷದ ಹಿಂದೆ ಹೊಸ ಮುಖ್ಯಸ್ಥೆ ಬಂದು, ಹಿಂದಿದ್ದ ಸಾಹೇಬರ ಆ ಲೆಕ್ಕವನ್ನೆಲ್ಲ ಹೊಸದಾಗಿ ಬರೆದರು. ಬಲು ಚುರುಕು, ಅಷ್ಟೇ ಅವಸರ. ಅಲ್ಲಿಂದಾಚೆಗೆ ಅವರ ಮೆಚ್ಚಿನ ಪಲ್ಸಾರ್ ತಡವಾಗತೊಡಗಿತು. ವರ್ಷ ತುಂಬುವಷ್ಟರಲ್ಲಿ ಹತ್ತಿರ ಹತ್ತಿರ ಒಂದು ಸೆಕೆಂಡು.

ಸೋಮವಾರದ ಸಭೆಯಲ್ಲಿ, ಎಲ್ಲರ ಎದುರಿಗೇ, ಮೇಡಂ ಮಾವನ ರಿಜಿಸ್ಟರನ್ನು ಮೇಜಿಗೆ ಕುಕ್ಕಿದರು.

“ಗಡಿಯಾರ ಮುಂದೆ ಓಡ್ತಿದೆ, ಅದಕ್ಕೇ ಮಿಡಿತ ತಡ ಅನ್ನಿಸ್ತಿದೆ. ನೀವು ನೋಡದೇನೇ ಸರಿ, ಸರಿ ಅಂತ ಗೀಚ್ತಾ ಕೂತಿದ್ದೀರಿ.”

“ಇವತ್ತೇ ಬಂದು ನೋಡಿ, ಮೇಡಂ.”

“ಇವತ್ತು ಸರಿ ಇದ್ರೆ ನಿನ್ನೆನೂ ಸರಿ ಇತ್ತು ಅಂತ ಏನ್ ಗ್ಯಾರಂಟಿ?”

ಶುಕ್ರವಾರದಿಂದ ಮಾವನನ್ನು ಸಾಮಾನು ಕೋಣೆಗೆ ಹಾಕುವ ಪತ್ರ ಟೈಪ್ ಮಾಡಲು ನನಗೇ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಸುಳ್ಳು ಬರೆದವನೆಂಬ ಹೆಸರು ಹೊತ್ತು ಆ ಮನುಷ್ಯ ಹೇಗೆ ತಲೆ ಎತ್ತಿ ಓಡಾಡಬೇಕು? ಮಾವ ಮಾತ್ರ ತಣ್ಣಗೆ, “ಮೇಡಂ ಪಲ್ಸಾರ್‌ಗೆ ಸರಿಯಾಗಿ ಎದುರು ದಿಕ್ಕಿನಲ್ಲಿ ಇನ್ನೊಂದು ಇದೆಯಲ್ಲ, ಅದರ ಒಂದು ವರ್ಷದ ಪ್ರಿಂಟ್ ತೆಗೆದುಕೊಡಮ್ಮ” ಎಂದರು. ಅದನ್ನು ಯಾರೂ ತಿರುಗಿಯೂ ನೋಡಿರಲಿಲ್ಲ.

ಮರುದಿನ ಮಾವ ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗಿ ಎರಡು ಹಾಳೆಗಳನ್ನು ಮೇಡಂ ಮುಂದೆ ಹರಡಿದರು.

“ನಿಮ್ಮದು ತಡ ಬರ್ತಿದೆ. ಇದು ನೋಡಿ, ಬೇಗ ಬರ್ತಿದೆ. ಗಡಿಯಾರ ಒಂದೇ ಅಲ್ವಾ ಮೇಡಂ? ಅದು ಮುಂದೆ ಓಡಿದ್ರೆ ಎರಡೂ ತಡ ಆಗ್ಬೇಕಿತ್ತು.”

ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

“ಹಳೇ ಸಾಹೇಬ್ರ ಲೆಕ್ಕದಲ್ಲಿ ‘ಕೇಂದ್ರ’ ಅಂತ ಬರೆದಿತ್ತಲ್ಲ, ನೀವು ಯಾವ ಕೇಂದ್ರ ತಗೊಂಡ್ರಿ?” ಎಂದರು ಮಾವ.

“ಸೂರ್ಯನ ಕೇಂದ್ರ. ಇನ್ಯಾವುದು?”

“ಅವರು ಬರೆದಿದ್ದು ಸೂರ್ಯ, ಗ್ರಹ ಎಲ್ಲ ಸೇರಿದ ತೂಕದ ಕೇಂದ್ರ. ಮಗೂನ ಕೈ ಹಿಡಿದು ಗರಗರ ತಿರುಗಿಸೋ ಅಪ್ಪನೂ ಹಿಂದಕ್ಕೆ ವಾಲಿ ಸಣ್ಣದೊಂದು ಸುತ್ತು ಹಾಕ್ತಾನಲ್ವಾ? ಗುರುಗ್ರಹ ಸೂರ್ಯನ ಕೈಲಿ ಹಾಗೇ ಸುತ್ತು ಹಾಕಿಸುತ್ತೆ. ಸೂರ್ಯನೂ ನಿಂತಲ್ಲಿ ನಿಂತಿರಲ್ಲ, ಮೇಡಂ. ನಿಮ್ಮ ಪಲ್ಸಾರ್‌ನಿಂದ ದೂರ ಸರಿದಷ್ಟೂ ಎದುರಿನದಕ್ಕೆ ಹತ್ತಿರ ಆಗ್ತಾನೆ.”

ಅಷ್ಟು ಓದಿದವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಅವಸರದಲ್ಲಿ ಒಂದು ಪದ ಕೈಕೊಟ್ಟಿತ್ತು, ಅಷ್ಟೇ. ಮೇಡಂ ಆಗಲೇ ಕಂಪ್ಯೂಟರಿನ ಮುಂದೆ ಕೂತು ಕೇಂದ್ರ ಬದಲಿಸಿದರು. ಊಟದ ಹೊತ್ತಿಗೆ ಎರಡೂ ಪಲ್ಸಾರ್‌ಗಳು ತಮ್ಮ ತಮ್ಮ ಹೊತ್ತಿಗೆ ಬಂದು ಕೂತಿದ್ದವು. ನನಗೆ ಕುಣಿಯುವಷ್ಟು ಖುಷಿ.

ಮೇಡಂ ಎದ್ದು ಹೋಗಿ ಬಾಗಿಲು ಮುಚ್ಚಿ, ಮೆಲ್ಲಗೆ, “ಕ್ಷಮಿಸಿ, ತಪ್ಪು ನನ್ನದು” ಎಂದರು.

ಪರವಾಗಿಲ್ಲ ಬಿಡಿ ಎನ್ನುತ್ತಾರೆ ಅಂದುಕೊಂಡೆ. ಮಾವ ಬಾಗಿಲ ಕಡೆ ನೋಡಿದರು.

“ಸುಳ್ಳು ಬರೀತೀನಿ ಅಂತ ನೀವು ಎಲ್ಲರ ಎದುರಿಗೆ ಅಂದ್ರಿ, ಮೇಡಂ.”

ಮೇಡಂ ಮುಖ ಕೆಂಪೇರಿತು. ಆಮೇಲೆ ಅವರೇ ಬಾಗಿಲು ತೆಗೆದು, ಊಟಕ್ಕೆ ಕೂತಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೂಗಿ ಕರೆದರು.