ಬೆಲ್ಲದ ಜೊತೆ ಕೊಟ್ಟ ನೀರು

ದೇರೆಬೈಲಿನ ಆ ಓಣಿಯಲ್ಲಿ ಮನೆಗೊಬ್ಬರಿಗೆ ಕಾಮಾಲೆ. ರಸ್ತೆಯಡಿಯ ಡ್ರೈನೇಜ್ ಪೈಪು ಒಡೆದು ಕೊಳಕೆಲ್ಲ ಬಾವಿಗಳಿಗೆ ಇಳಿದಿತ್ತು. ಆರೋಗ್ಯ ಕಚೇರಿಗೆ ತಿಳಿಸಿದೆ. ಬ್ಲೀಚಿಂಗ್ ಪೌಡರ್ ಕಳಿಸಿದರು. ಪೈಪಿಗೆ ಮಾತ್ರ ಟೆಂಡರ್ ಆಗಬೇಕಂತೆ. ರೋಗ ಟೆಂಡರಿಗೆ ಕಾಯುತ್ತದೆಯೇ? ಬಿಜೈಯ ನನ್ನ ಕ್ಲಿನಿಕ್ಕಿಗೆ ಬೀಗ ಹಾಕಿ ನಾನೇ ಮನೆ ಮನೆ ಹತ್ತಿ ಇಳಿದೆ.

ಕೊನೆಯ ಮನೆಯ ಸೊಸೆ ತುಂಬು ಗರ್ಭಿಣಿ, ನನ್ನದೇ ಪೇಶೆಂಟ್. ಗಂಡ ದುಬೈಯಲ್ಲಿ. ಈ ಕಾಮಾಲೆ ಬೇರೆಯವರನ್ನು ನಾಲ್ಕು ವಾರ ಮಲಗಿಸಿ ಬಿಡುತ್ತದೆ, ಬಸುರಿಯನ್ನು ಹಾಗೆ ಬಿಡುವುದಿಲ್ಲ, ಜೀವಕ್ಕೇ ಕೈ ಹಾಕುತ್ತದೆ. ನನ್ನ ಹೆದರಿಕೆಯೆಲ್ಲ ಅವಳ ಬಗ್ಗೆಯೇ.

ನಾನು ಬಾಯಿ ತೆರೆಯುವ ಮೊದಲೇ ಅವಳ ಅತ್ತೆ ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ಬಾವಿ ನೀರು ತಂದಿಟ್ಟರು. ಬಂದವರಿಗೆ ಮೊದಲು ಬೆಲ್ಲ ನೀರು, ಆಮೇಲೆ ಮಾತು. ನಮ್ಮೂರಿನ ಮರ್ಯಾದೆ ಅದು. ಆದರೆ ಅದನ್ನು ಗಟಗಟ ಕುಡಿದು, ಬಾವಿ ನೀರು ಕುಡಿಯಬೇಡಿ ಎಂದು ಯಾವ ಬಾಯಲ್ಲಿ ಹೇಳಲಿ? ಚೊಂಬನ್ನು ಪಕ್ಕಕ್ಕೆ ಸರಿಸಿದೆ.

“ಕುದಿಸದೆ ಯಾರೂ ಕುಡೀಬೇಡಿ ಅಮ್ಮಾ. ಇವಳಿಗಂತೂ ಕೊಡ್ಲೇಬೇಡಿ.”

“ಎಂತ ಡಾಕ್ಟ್ರೇ, ನಮ್ಮ ಮನೆ ನೀರು ನಿಮಗೆ ಆಗುದಿಲ್ವಾ? ನನ್ನ ಮಕ್ಕಳೆಲ್ಲ ಇದೇ ಬಾವಿ ನೀರು ಕುಡಿದು ದೊಡ್ಡವರಾದದ್ದು.”

ಅವರ ಮುಖ ಸಣ್ಣದಾಯಿತು. ಬಾಗಿಲ ಬಳಿ ನಿಂತ ಸೊಸೆ ನನ್ನನ್ನೂ ಚೊಂಬನ್ನೂ ನೋಡುತ್ತಿದ್ದಳು. ನಾನು ಇನ್ನಷ್ಟು ವಿವರಿಸಿದೆ. ಕೇಳುವ ಕಿವಿ ಆಗಲೇ ಮುಚ್ಚಿಹೋಗಿತ್ತು.

ಆಮೇಲೆ ಅವರು ಕ್ಲಿನಿಕ್ಕಿನ ಕಡೆ ಬರಲಿಲ್ಲ. ಸೊಸೆಯ ಕಣ್ಣು ಹಳದಿಯಾದಾಗ ಹಳ್ಳಿಮದ್ದು ಕುಡಿಸಿ, ಉಪ್ಪು ಬಿಡಿಸಿ ಪಥ್ಯ ಮಾಡಿಸಿದರು. ಕಾಮಾಲೆಗೆ ನಮ್ಮಲ್ಲಿ ಡಾಕ್ಟರು ಯಾವತ್ತೂ ಕೊನೆಗೆ. ನನ್ನ ಬಳಿ ತಂದಾಗ ಅವಳಿಗೆ ನನ್ನ ಗುರುತು ಸಿಗಲಿಲ್ಲ. ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಕಳಿಸುವುದು ಬಿಟ್ಟರೆ ನನ್ನ ಕೈಯಲ್ಲಿ ಏನೂ ಉಳಿದಿರಲಿಲ್ಲ. ತಾಯಿಯೂ ಹೋದಳು, ಮಗುವೂ ಹೋಯಿತು. ನನಗೆ ಅಳುವಿಗಿಂತ ಸಿಟ್ಟು ಹೆಚ್ಚು ಬಂತು, ಯಾರ ಮೇಲೆ ತೀರಿಸಿಕೊಳ್ಳುವುದೆಂದು ಗೊತ್ತಾಗಲಿಲ್ಲ.

ಉತ್ತರಕ್ರಿಯೆ ಮುಗಿದ ಮೇಲೆ ಆ ಮನೆಗೆ ಹೋದೆ. ಓಣಿಯಲ್ಲಿ ಪೈಪಿಗೆಂದು ಅಗೆದ ಹೊಂಡ ಹಾಗೇ ಬಿದ್ದಿತ್ತು. ಅತ್ತೆ ನನ್ನನ್ನು ಕಂಡವರೇ ಒಳಗೆ ಹೋದರು. ಎದ್ದು ಹೊರಡಲೇ ಎಂದುಕೊಳ್ಳುವಷ್ಟು ಹೊತ್ತಾಯಿತು. ಮತ್ತೆ ಬಂದು, ಬೆಲ್ಲ ಮತ್ತು ಅದೇ ಚೊಂಬನ್ನು ನನ್ನ ಮುಂದಿಟ್ಟರು.

“ಕುದಿಸಿದ್ದೇನೆ ಡಾಕ್ಟ್ರೇ. ಇನ್ನು ಕುಡೀಬಹುದಲ್ಲ?”

ಚೊಂಬು ಕೈ ಸುಡುತ್ತಿತ್ತು. ಅವರು ನೋಡುತ್ತಿದ್ದಂತೆ ಅಷ್ಟನ್ನೂ ಕುಡಿದೆ.