ಅತ್ತೆ ಮರದ ಕಾವಲು

ಕಾಡಕ್ಕ ಅಂದರೆ ಬಡಗಿಯ ಹೆಂಡತಿ. ಗಂಡ ಮರ ಕೊಯ್ಯುವವನು, ಹೆಂಡತಿ ಮರ ಕಾಯುವವಳು. ಇವರ ಸಂಸಾರ ಅದು ಹೇಗೆ ನಡೆಯುತ್ತದೋ ಎಂದು ಊರವರು ನಗುತ್ತಿದ್ದರು. ನಗಲಿ ಬಿಡಿ. ಮನೆಗೊಬ್ಬರಂತೆ ಸರದಿಯಲ್ಲಿ ಕಾಡು ಕಾಯೋಣ ಎಂದು ಎಲ್ಲರನ್ನೂ ಒಪ್ಪಿಸಿದವಳೇ ಅವಳು. ಒಣಗಿದ್ದನ್ನು ತನ್ನಿ, ಹಸಿಯದಕ್ಕೆ ಕೈ ಹಾಕಬೇಡಿ, ಅಷ್ಟೇ ಕಟ್ಟಳೆ. ಬೀಜ ಉದುರಿಸುವ ದೊಡ್ಡ ಮರಗಳಿಗೆ ಸುಣ್ಣದ ಪಟ್ಟಿ ಬಳಿದು 'ಅತ್ತೆ' ಎಂದು ಹೆಸರಿಟ್ಟವಳೂ ಅವಳೇ. ಬುಡದಲ್ಲಿ ಏಳುವ ಸಸಿಗಳು 'ಸೊಸೆಯರು'. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಲ್ಲವೇ!

ಕಾಳಗ ಶುರುವಾದ ಮೇಲೂ ಸರದಿ ತಪ್ಪಲಿಲ್ಲ. ಕಾಡಿನೊಳಗೆ ಬಂಡೆದ್ದ ಬಂದೂಕಿನವರು, ಊರ ಬಾಗಿಲಲ್ಲಿ ಸೈನಿಕರ ಠಾಣೆ. ಊರಿನ ಪಾಡು ಅತ್ತ ದರಿ, ಇತ್ತ ಪುಲಿ.

ಒಂದು ಸಂಜೆ ಕಾಡಕ್ಕ ತನ್ನ ಸರದಿಯ ಕಾವಲು ಮುಗಿಸಿ ಬಂದರೆ ಊರಿನ ದರ್ಜಿ ಅವಳ ಮನೆ ಬಾಗಿಲಲ್ಲೇ ನಿಂತಿದ್ದ.

"ಅಕ್ಕಾ, ಬಡಗಿಯಣ್ಣನ್ನ ಹಿಡ್ಕೊಂಡು ಹೋದ್ರು. ಠಾಣೆ ಮುಂದೆ ನಿಂತು ನನಗೆ ಕೂಗಿ ಹೇಳ್ತಿದ್ದ, 'ಅತ್ತೆ ಹತ್ರ ಯಾರೂ ಹೋಗ್ಬೇಡಿ, ಸೊಸೆಯರು ಈಗ್ತಾನೇ ಹೊರಗೆ ಬಂದಿದಾರೆ' ಅಂತ. ಸೈನಿಕರು ಕೇಳಿಸ್ಕೊಂಡ್ರು. ಅದು ಗುಟ್ಟಿನ ಭಾಷೆಯಂತೆ! ಅತ್ತೆ ಅಂದ್ರೆ ಬಂದೂಕಿನವರ ನಾಯಕಿ, ಸೊಸೆಯರು ಅವಳ ಪಡೆ ಅಂತೆ!"

ಕಾಡಕ್ಕನಿಗೆ ಮೊದಲು ನಗು ಬಂತು. ಅದರ ಬೆನ್ನಿಗೇ ನೆನಪಾಯಿತು: ಹಾಗೆ ಹೋದವರು ತಿರುಗಿ ಬಂದದ್ದು ಕಡಿಮೆ. ತಾನಿಟ್ಟ ಹೆಸರೇ ಗಂಡನ ಕೊರಳಿಗೆ ಬಂತಲ್ಲ!

ಸೈನಿಕರಿಗೆ ಮರ ತೋರಿಸಬೇಕು, ಬೇರೆ ದಾರಿಯಿಲ್ಲ. ಆದರೆ ಒಬ್ಬಳೇ ಅವರನ್ನು ಕಾಡಿಗೆ ಕರೆದೊಯ್ದರೆ ಬಂದೂಕಿನವರು ಬಿಟ್ಟಾರೆಯೇ? ಮನೆ ಮನೆಯ ಬಾಗಿಲು ಬಡಿದಳು. "ಬೆಳಿಗ್ಗೆ ಎಲ್ಲರೂ ಬನ್ನಿ. ಯಾರು ತೋರಿಸಿದ್ರು ಅಂತ ಕೇಳಿದ್ರೆ ಊರೇ ತೋರಿಸ್ತು ಅನ್ಬೇಕು."

ಬೆಳಿಗ್ಗೆ ಊರಿಗೆ ಊರೇ ಠಾಣೆಯೆದುರು ಬಂತು. "ಎಲ್ಲಿದಾಳೆ ಅತ್ತೆ?" ಎಂದ ಅಧಿಕಾರಿ.

"ಬನ್ನಿ ಸಾಹೇಬ್ರೇ, ತೋರಿಸ್ತೀನಿ. ನನ್ನ ಗಂಡನ್ನೂ ಕರ್ಕೊಂಡು ಬನ್ನಿ."

ಕೈ ಕಟ್ಟಿದ ಬಡಗಿಯನ್ನು ನಡುವೆ ಇಟ್ಟುಕೊಂಡು ಎಲ್ಲರೂ ನಡೆದರು. ಮರದ ಬುಡಕ್ಕೆ ಬಂದು ಅಧಿಕಾರಿ ಸುಣ್ಣದ ಪಟ್ಟಿಯನ್ನು ನೋಡಿದ, ಬೆರಳುದ್ದದ ಸಸಿಗಳನ್ನು ನೋಡಿದ.

"ಮರಕ್ಕೆ ಯಾಕಮ್ಮ ಈ ಹೆಸರು?"

"ಅತ್ತೆ ಮೇಲೆ ಕೈ ಮಾಡೋ ಧೈರ್ಯ ಯಾರಿಗಿದೆ ಸಾಹೇಬ್ರೇ? ನಿಮಗಿದೆಯಾ?"

ಹಿಂದಿದ್ದ ಸೈನಿಕನೊಬ್ಬ ಕಿಸಕ್ಕೆಂದ. ಪಾಪ, ಅಧಿಕಾರಿಗೂ ಮನೆಯಲ್ಲಿ ಅತ್ತೆಯಿದ್ದರೆಂದು ಕಾಣುತ್ತದೆ. ಮುಖ ಆ ಕಡೆ ತಿರುಗಿಸಿ, ಹಗ್ಗ ಬಿಚ್ಚಲು ಹೇಳಿದ.

ದಾರಿಯಲ್ಲಿ ಕಾಡಕ್ಕನ ಸಿಟ್ಟು ಕಟ್ಟೆಯೊಡೆಯಿತು. "ಅಲ್ರೀ, ಅದು ಮರ ಅಂತ ಹೇಳೋಕೆ ನಿಮಗೇನು ಧಾಡಿ? ರಾತ್ರಿಯೆಲ್ಲ ಏಟು ತಿನ್ಕೊಂಡು ಬಾಯಿ ಮುಚ್ಕೊಂಡು ಕೂತಿದ್ರಾ?"

ಬಡಗಿಯ ತುಟಿ ಊದಿತ್ತು. ಮೆಲ್ಲಗೆ ಹೇಳಿದ: "ಮರ ಅಂದ್ರೆ 'ನಡಿ, ತೋರಿಸು' ಅಂತಿದ್ರು. ಕಾಡಲ್ಲಿ ಏನು ಅಲುಗಾಡಿದ್ರೂ ಅವರದ್ದು ಮೊದಲು ಗುಂಡು, ಆಮೇಲೆ ಮಾತು. ನಿನ್ನೆ ಅದರ ಕೆಳಗೆ ಕಾವಲು ಯಾರದಿತ್ತು ಹೇಳು? ನೀನು ಮನೆಗೆ ಬಂದ್ಯೋ ಇಲ್ವೋ, ನನಗೇನು ಗೊತ್ತು?"

ನಾಲ್ಕು ಜನರೆದುರು ಗಂಡನ ಕೈ ಹಿಡಿದವಳಲ್ಲ ಕಾಡಕ್ಕ. ಅವತ್ತು ಹಿಡಿದಳು. ಮನೆ ಬರುವವರೆಗೂ ಬಿಡಲಿಲ್ಲ.